ಲೊವೆಲ್ ಮನೆ ಕೊಂಡಾಗ ಇದ್ದ ಬಣ್ಣ

ಪೇಂಟ್ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಬಣ್ಣ ಆರಿಸಲಾರದೆ ಒದ್ದಾಡುವವರನ್ನು ನೋಡಿ ನೋಡಿಯೇ ನನ್ನ ತಲೆ ನರೆತದ್ದು. ಆದರೆ ತನ್ನ ಮನೆಯ ಬಣ್ಣ ಯಾವುದೆಂದು ನನ್ನನ್ನು ಕೇಳಲು ಬಂದವನು ಲೊವೆಲ್ ಹಾಸ್ಕಿನ್ಸ್ ಒಬ್ಬನೇ.

ಲೊವೆಲ್ ನಮ್ಮೂರಿನ ಶಾಲಾ ಬಸ್ಸಿನ ಚಾಲಕ. ಈರಿ ಸರೋವರದ ಗಾಳಿಗೆ ರಸ್ತೆ ಹಿಮದಲ್ಲಿ ಮುಚ್ಚಿಹೋದರೂ ಯಾವ ಮಗು ಎಲ್ಲಿ ನಿಂತಿರುತ್ತದೆಂದು ಅವನಿಗೆ ಬಾಯಿಪಾಠ. ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಕಣ್ಣಿದ್ದೂ ಕುರುಡ. ಜೂನ್ ತಿಂಗಳ ಒಂದು ಬೆಳಿಗ್ಗೆ ಹೆಂಡತಿ ಬರ್ನಡೀನ್ ಕಾಫಿ ಕುಡಿಯುತ್ತಾ, "ಒಂಬತ್ತು ವರ್ಷದಿಂದ ಇಲ್ಲಿದೀಯ. ಹೊರಗೆ ನೋಡದೆ ಹೇಳು, ನಮ್ಮನೆ ಬಣ್ಣ ಯಾವುದು?" ಎಂದಳಂತೆ.

"ಎಲ್ಲಾ ಮನೆಗಿರೋ ಬಣ್ಣ," ಎಂದನಂತೆ ಇವನು.

ಆಕೆ ಲೋಟ ತೊಳೆದಿಟ್ಟು, ಚೀಲ ತುಂಬಿಕೊಂಡು ಅಕ್ಕನ ಊರಿಗೆ ಹೊರಟೇಬಿಟ್ಟಳು. ಬಾಗಿಲಲ್ಲಿ ಹೇಳಿದ್ದು ಇಷ್ಟೇ: "ಕೊಂಡಾಗ ಏನು ಬಣ್ಣ ಇತ್ತೋ ಅದನ್ನ ಮತ್ತೆ ಬಳಿ. ಬರೋದೋ ಬೇಡವೋ ಆಮೇಲೆ ನೋಡ್ತೀನಿ."

ಮಾರನೆಯ ದಿನ ಲೊವೆಲ್ ಮನೆಯ ಹೊರಗೋಡೆಗೆ ಹೊದಿಸಿದ ವಿನೈಲ್ ಪ್ಲಾಸ್ಟಿಕ್ ಹಲಗೆಯ ಮೂರು ಚೂರು ತಂದು ನನ್ನ ಮುಂದೆ ಸುರಿದ. ದಕ್ಷಿಣದ ಗೋಡೆಯದು ಬೂದಿ. ಉತ್ತರದ್ದು ಮಾಸಿದ ನೀಲಿ. ಕರೆಂಟ್ ಮೀಟರಿನ ಹಿಂದಿನಿಂದ ಕತ್ತರಿಸಿದ್ದು ಹಸಿರು ಬೆರೆತ ಕಡುನೀಲಿ.

"ರಸ್, ಈ ಮೂರೂ ಒಂದೇ ಮನೆಯವು ಅಂದ್ರೆ ನಂಬ್ತೀಯಾ?"

"ಮೀಟರ್ ಹಿಂದಿಂದೇ ಅಸಲಿ. ಅದು ಬಿಸಿಲು ಕಂಡಿಲ್ಲ."

"ಹಾಗಾದ್ರೆ ಅದನ್ನೇ ಕಲಸಿಕೊಡು."

ವ್ಯಾಪಾರಿಯಾದವನು ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನಾನು ಕೇಳಿಬಿಟ್ಟೆ: "ಹಲಗೆ ಹೊದಿಸಿ ಎಷ್ಟು ವರ್ಷ ಆಯ್ತು?"

"ಇಪ್ಪತ್ತನಾಲ್ಕು."

"ನೀವು ಕೊಂಡಾಗ ಅದಕ್ಕಾಗಲೇ ಹದಿನೈದು ವರ್ಷ. ಅರ್ಧ ಮಾಸಿದ್ದನ್ನ ಕೊಂಡಿದೀರಿ. ನಿನ್ನ ಹೆಂಡ್ತಿ ಕೇಳಿದ ಬಣ್ಣ ಈ ಮೂರರಲ್ಲೂ ಇಲ್ಲ ಕಣೋ."

ಲೊವೆಲ್ ಅಲ್ಲೇ ಇದ್ದ ಪೇಂಟ್ ಬಕೆಟ್ಟಿನ ಮೇಲೆ ಕುಸಿದು ಕೂತ. "ಮತ್ತೆ ಎಲ್ಲಿ ಹೋಯ್ತು ಅದು?"

ಮನೆ ಕೊಂಡ ವರ್ಷದ ಫೋಟೋ ನೋಡಿದೆವು. ಒಂದರಲ್ಲಿ ಮನೆಗೆ ಹಿಮ ಮೆತ್ತಿತ್ತು. ಇನ್ನೊಂದನ್ನು ಸಂಜೆ ತೆಗೆದದ್ದು, ಮನೆ ಗುಲಾಬಿಯಾಗಿತ್ತು. ಕೊನೆಗೆ ಐದು ಪುಟ್ಟ ಡಬ್ಬಿ ಮಾದರಿ ಪೇಂಟ್ ಕೊಟ್ಟು, ಮೂಲ ಬಣ್ಣಕ್ಕಿಂತ ಕಡುವಾದದ್ದನ್ನು ಬಳಿದರೆ ಬಿಸಿಲಿಗೆ ಹಲಗೆ ಸೊಟ್ಟಗಾಗುತ್ತದೆಂದು ಎಚ್ಚರಿಸಿ ಕಳಿಸಿದೆ.

ಎರಡು ದಿನಕ್ಕೆ ಫೋನು. "ಪೇಂಟಿಗೆ ಮುಂಚೆ ಸೋಪು ಹಾಕಿ ಮುಂದಿನ ಗೋಡೆ ತೊಳೆದೆ ಮಾರಾಯ. ಬಿಸಿಲಿಗೆ ಹಲಗೆ ಮೇಲೆ ಎದ್ದಿದ್ದ ಬಿಳೀ ಪುಡಿ ಎಲ್ಲಾ ಹೋಗಿ ಒಳಗಿಂದ ಇನ್ನೊಂದು ಬಣ್ಣ ಬಂತು! ಇದನ್ನ ನಾನು ಜನ್ಮದಲ್ಲಿ ನೋಡಿಲ್ಲ." ಐದು ಪಟ್ಟೆ ಬಳಿದು ಎದುರುಮನೆಯ ಓಲ್ಗಾಳನ್ನು ಕೇಳಿದರೆ, ಬೆಳಿಗ್ಗೆ ಮೊದಲನೆಯದು ಎಂದವಳು ಸಂಜೆ ಮೂರನೆಯದು ಎಂದಳಂತೆ.

ಬರ್ನಡೀನ್ ಹೋದ ಒಂಬತ್ತನೆಯ ದಿನ ಮಧ್ಯಾಹ್ನ ನಾನು ರೋಲರ್ ಕೊಡುವ ನೆಪದಲ್ಲಿ ಅಲ್ಲಿಗೆ ಹೋಗಿದ್ದೆ. ಅಷ್ಟರಲ್ಲಿ ಬರ್ನಡೀನಳ ಕಾರು ಬಂದು ನಿಂತಿತು.

"ಲೊವೆಲ್, ಏನಿದು ಅವತಾರ?"

"ಗೊತ್ತಿಲ್ಲ ಬರ್ನಿ." ಅವನು ಆಕೆಯನ್ನು ಮನೆಯ ಸುತ್ತ ಕರೆದೊಯ್ದ. "ಗಿಡಕ್ಕೆ ನೀರು ಬಿಡೋ ಪೈಪು ಸುತ್ತಿ ನೇತುಹಾಕಿದ್ದ ಕಡೆ ಉಂಗುರದ ಹಾಗೆ ಕಡು. ನಿನ್ನ ಲೈಲಾಕ್ ಗಿಡದ ಹಿಂದೆ ಎದೆಮಟ್ಟ ನೀಲಿ, ಮೇಲೆ ಬೂದಿ. ದೀಪದ ಕೆಳಗಿಂದು ಬೇರೇನೇ. ಒಂದೊಂದು ಹಲಗೇನೂ ನೋಡ್ದೆ ಕಣೇ. ನಾವು ಕೊಂಡ ಬಣ್ಣ ಮಾತ್ರ ಎಲ್ಲೂ ಸಿಗಲಿಲ್ಲ. ನಿನಗಾದ್ರೂ ನೆನಪಿದ್ಯಾ?"

ಆಕೆ ಗೋಡೆಯ ಹತ್ತಿರ ಹೋದಳು. ಪಟ್ಟೆಗಳನ್ನು ಬಹಳ ಹೊತ್ತು ನೋಡಿದಳು. "ಎರಡನೇದು," ಎಂದಳು. ನಾಲ್ಕು ಹೆಜ್ಜೆ ಹಿಂದೆ ಸರಿದು, "ಅಲ್ಲ, ನಾಲ್ಕನೇದು," ಎಂದಳು. ಆಮೇಲೆ ದನಿ ತಗ್ಗಿಸಿ, "ಲೊವೆಲ್... ಆಗ ಮನೆ ಹಳದಿ ಇತ್ತಲ್ವಾ?"

"ಹಳದಿನಾ?"

ಇಬ್ಬರೂ ದಾರಿ ತಪ್ಪಿದವರಂತೆ ತಮ್ಮದೇ ಅಂಗಳದಲ್ಲಿ ನಿಂತರು.

"ಕಾರಲ್ಲಿ ನನ್ನ ಚೀಲ ಇದೆ, ಒಳಗೆ ತಗೊಂಡು ಹೋಗಿಡು," ಎಂದಳು ಬರ್ನಡೀನ್. ಲೊವೆಲ್ ಓಡಿದ. ಆಕೆ ನನ್ನ ಕಡೆ ತಿರುಗಿ, "ರಸ್, ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರತ್ತೆ?" ಎಂದಳು.

"ಆರರವರೆಗೆ," ಎಂದೆ. ಯಾವ ಹಳದಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.