ರೋಶನ್ ಓಟಿಪಿ ಕೊಟ್ಟಿದ್ದ

ಹಿಲ್ಡಾ ಬಾಯಿ, ರೋಶನ್ ಓಟಿಪಿ ಕೊಟ್ಟಿದ್ದ. ನಾನು ಕೇಳಿದ ಕೂಡಲೇ ಕೊಟ್ಟಿದ್ದ. ನಿಮ್ಮ ತಮ್ಮನ ಮೇಲೆ ನಾನು ಹೊರಿಸಿದ್ದು ಶುದ್ಧ ಸುಳ್ಳು — ಅದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ ನಿಮ್ಮ ಮನೆಯಲ್ಲಿ ಚಹಾ ಕುಡಿದಿದ್ದೇನೆ.

ನೆನಪಿದೆಯಲ್ಲ, ಶುಕ್ರವಾರ ಬಂತೆಂದರೆ ಮಸ್ಕತ್ತಿನ ವಾದಿ ಕಬೀರಿನ ನನ್ನ ಕೋಣೆಗೆ ನಮ್ಮೂರಿನವರು ಪ್ಯಾನ್ ಕಾರ್ಡ್ ಹಿಡಿದುಕೊಂಡು ಬರುತ್ತಿದ್ದರು. ಊರಿನ ಸಿಮ್ ಊರಲ್ಲೇ — ಯಾರದೋ ಅಮ್ಮನ, ಯಾರದೋ ಭಾವನ ಕೈಯಲ್ಲಿ. ಇಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ ಆದಾಯ ತೆರಿಗೆಯ ರಿಟರ್ನ್ ತುಂಬಿಸುವುದು, ಅಲ್ಲಿಂದ ಅವರು ಓಟಿಪಿ ಓದಿ ಹೇಳುವುದು. ನಿಮ್ಮ ಸಿಮ್ ಶಿರ್ವದಲ್ಲಿ ರೋಶನ್ ಹತ್ತಿರ ಇತ್ತು.

ಮಂಗಳೂರಿನ ನಿಮ್ಮ ಫ್ಲಾಟಿನ ಬಾಡಿಗೆ ತೋರಿಸಬೇಕಿದ್ದ ಆ ವರ್ಷದ ರಿಟರ್ನನ್ನು ಇಂದು ನಾಳೆ ಎಂದು ತಳ್ಳಿ ಕೊನೆಯ ವಾರಕ್ಕೆ ತಂದವನೇ ನಾನು. ಪೋರ್ಟಲ್ ಸುತ್ತುತ್ತಲೇ ಇತ್ತು. ಅಂತೂ ಸಬ್ಮಿಟ್ ಆಯಿತು. ಇನ್ನು ಓಟಿಪಿ ಹಾಕಿ ದೃಢೀಕರಿಸಿದರೆ ಮುಗಿಯಿತು. ತಿಂಗಳೊಳಗೆ ಹಾಕದಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಲೆಕ್ಕ. ರೋಶನ್ ಓದಿದ, ನಾನು ಅಂಕಿ ಒತ್ತಿದೆ, ಪೋರ್ಟಲ್ ಕೈಕೊಟ್ಟಿತು. ಅಷ್ಟರಲ್ಲಿ ನನ್ನನ್ನು ಇಬ್ರಿ ಊರಿನ ಶಾಖೆಗೆ ಒಯ್ಯಬೇಕಿದ್ದ ಕಂಪನಿಯ ಕಾರು ಕೆಳಗೆ ಹಾರ್ನ್ ಹೊಡೆಯತೊಡಗಿತು.

"ಆಯ್ತಾ ಹರೀಶಣ್ಣ? ಬೇಕಾದ್ರೆ ಇನ್ನೊಮ್ಮೆ ಕಳಿಸಿ, ನಾನು ಇಲ್ಲೇ ಇದ್ದೇನೆ" ಎಂದ, ಪಾಪ.

"ಖಲಾಸ್ ಮಾರಾಯ, ಆಯ್ತು" ಎಂದು ಹೇಳಿ ಓಡಿದೆ. ಬಂದು ಮಾಡಿದರಾಯಿತು ಅಂದುಕೊಂಡಿದ್ದೆ — ಬಂದೆ, ಮರೆತೆ.

ಮರೆವನ್ನಾದರೆ ನೀವು ಕ್ಷಮಿಸುತ್ತಿದ್ದಿರಿ. ಆದರೆ ತೆರಿಗೆ ಇಲಾಖೆಯ ನೋಟಿಸ್ ಬಂದ ದಿನ ನೀವು ಅಲ್ ಅಜೈಬಾದ ನಿಮ್ಮ ಮನೆಯಿಂದ ಓಡಿಬಂದಾಗ ನನ್ನ ಕೋಣೆಯಲ್ಲಿ ಜನ ತುಂಬಿದ್ದರು. "ಎಂತ ಹರೀಶಣ್ಣ ಇದು? ರಿಟರ್ನೇ ಹಾಕ್ಲಿಲ್ಲ ಅಂತ ಉಂಟಲ್ಲ! ಊರಿಗೆ ಹೋದ್ರೆ ಏರ್‌ಪೋರ್ಟಲ್ಲಿ ಹಿಡೀತಾರಾ?" ಎಲ್ಲರ ಕಣ್ಣು ನನ್ನ ಮೇಲೆ. ಇವನನ್ನು ನಂಬಿದರೆ ಇದೇ ಗತಿ ಎಂದು ನಾಳೆ ಮಸ್ಕತ್ ತುಂಬ ಆಡಿಕೊಳ್ಳುತ್ತಾರೆ, ಇನ್ನು ಯಾರೂ ನನ್ನ ಬಾಗಿಲಿಗೆ ಬರುವುದಿಲ್ಲ... ನಾಲಿಗೆ ತಾನಾಗಿ — ಇಲ್ಲ, ತಾನಾಗಿ ಅಲ್ಲ. ನಾನೇ ಹೇಳಿದೆ.

"ರೋಶನ್ ಓಟಿಪಿ ಕೊಡ್ಲೇ ಇಲ್ಲ ಬಾಯಿ. ಎಷ್ಟು ಸಲ ಫೋನ್ ಮಾಡಿದೆ, ಎತ್ಲಿಲ್ಲ."

ಅವನು ಫೋನ್ ಎತ್ತುವುದರಲ್ಲಿ ಸೋಮಾರಿ ಎಂದು ನೀವೇ ನಗುತ್ತ ಹೇಳುತ್ತಿದ್ದಿರಲ್ಲ, ಅದನ್ನೇ ಹಿಡಿದುಕೊಂಡೆ. ನೀವು ಅಲ್ಲೇ ಸ್ಪೀಕರ್ ಹಾಕಿ ಅವನಿಗೆ ಫೋನ್ ಹಚ್ಚಿದಿರಿ. ಕೊಂಕಣಿಯಲ್ಲಿ ನಡೆದ ಆ ಜಗಳದ ಒಂದೊಂದು ಮಾತೂ ನನಗೆ ಅರ್ಥವಾಗುತ್ತಿತ್ತು. ಕೊಟ್ಟಿದ್ದೇನೆ ಅಕ್ಕ, ನನ್ನ ಮಗಳ ಮೇಲಾಣೆ ಎಂದ ಅವನು. ಒಂದು ಸುಳ್ಳಿಗೋಸ್ಕರ ಆ ಹುಡುಗಿಯ ಮೇಲೆ ಆಣೆ ಹಾಕುತ್ತೀಯಾ ಎಂದು ನೀವು ಕಿರುಚಿದಿರಿ. ಹರೀಶಣ್ಣ ಸುಳ್ಳು ಹೇಳುವ ಜನ ಅಲ್ಲ ಎಂದಿರಿ. ನಾನು ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದೆ, ಬಾಯಿ.

ಸಿಮ್ ನಿಮ್ಮ ಚಿಕ್ಕಮ್ಮನ ಮನೆಗೆ ಹೋಯಿತು. ಅಕ್ಕ ತಮ್ಮನ ಮಾತು ನಿಂತಿತು. ಆಮೇಲೆ ನಾನು ಅಪ್‌ಡೇಟೆಡ್ ರಿಟರ್ನ್ ಹಾಕಿ ಎಲ್ಲ ಸರಿಮಾಡಿದಾಗ ನೀವು ನನ್ನ ಕೈ ಹಿಡಿದು ಅತ್ತಿರಿ. ಥೂ, ನನ್ನ ಜನ್ಮಕ್ಕೆ!

ಅಂದಿನಿಂದ ಊರಿನ ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ರೋಶನ್‌ಗೆ ಎಲ್ಲ ಗೊತ್ತು. ಒಮ್ಮೆಯಾದರೂ ಫೋನ್ ಮಾಡಿ ಬೈದಿದ್ದರೆ — ಬೈಯಲಿಲ್ಲ. ಇಲ್ಲಿನ ನಮ್ಮೂರವರ ಸಂಘದ ಊಟಕ್ಕೆ ಶಿರ್ವದವರು ಯಾರಾದರೂ ಬಂದರೆ ನಾನು ಐಸ್‌ಕ್ರೀಮಿಗೂ ನಿಲ್ಲದೆ ಹೊರಟುಬಿಡುತ್ತೇನೆ. ಹೇಳಿಬಿಡಬೇಕು ಅನ್ನಿಸಿದಾಗಲೆಲ್ಲ ನಿಮ್ಮ ಮುಖ ಹೇಗಾಗಬಹುದೆಂದು ನೆನೆದು ಹೆದರಿ ಸುಮ್ಮನಾದೆ.

ಮೊನ್ನೆ ಈ ವರ್ಷದ ಕಾಗದ ಕೊಡಲು ಬಂದಿದ್ದಿರಿ. "ರೋಶನನ ಮಗಳ ಮದುವೆ ಉಂಟಂತೆ. ನಾನೇ ಅವಳ ಗಾಡ್‌ಮದರ್. ಮದುವೆಗೆ ಮೊದಲು ರೋಸಿನ ದಿನ ಅವಳಿಗೆ ತೆಂಗಿನ ಹಾಲು ಹಚ್ಚಬೇಕಾದವಳು ನಾನು. ಹೋಗುದಿಲ್ಲ" ಎಂದಿರಿ. ಕಾಗದ ಸರಿಯಾಗಿ ಉಂಟಾ ನೋಡಿ ಎಂದು ಮುಖ ಆಚೆ ತಿರುಗಿಸಿದಿರಿ.

ನೀವು ಹೋದ ಮೇಲೆ ರೋಶನ್‌ಗೆ ಫೋನ್ ಮಾಡಿದೆ. ಎತ್ತದಿದ್ದರೆ ಸಾಕಪ್ಪ ಎಂದು ಬೇಡಿಕೊಂಡೆ. ಮೊದಲ ರಿಂಗಿಗೇ ಎತ್ತಿದ.

"ಹರೀಶಣ್ಣ... ಅಕ್ಕನಿಗೆ ಎಂತಾದರೂ ಆಯ್ತಾ?"

ಏನೂ ಆಗಿಲ್ಲ ಎಂದೆ. ಫೋನ್ ಇಟ್ಟುಬಿಟ್ಟೆ.

ಅವನಿಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಅಂದು ಕೋಣೆಯಲ್ಲಿದ್ದವರಿಗೂ ಈ ಶುಕ್ರವಾರ ನಾನೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಇವತ್ತು ಸಂಜೆ ನಿಮ್ಮ ಮನೆಯ ಕೆಳಗೆ ಬಂದು ನಿಲ್ಲುತ್ತೇನೆ. ಬೈಯಿರಿ, ಬಾಗಿಲು ತೆಗೆಯದಿದ್ದರೂ ಸರಿ. ಆದರೆ ಬಾಯಿ, ಮೊದಲು ಅವನಿಗೆ ಫೋನ್ ಮಾಡಿ. ಅವನು ಎತ್ತುತ್ತಾನೆ.