ತುತ್ತೂರಿ ಸುಮ್ಮನಿದ್ದ ತಿಂಗಳು

ಆ ಊಟದ ಹೋಟೆಲಿನಲ್ಲಿ ಬಿಲ್ಲು ಎನ್ನುವ ಕಾಗದವೇ ಇರಲಿಲ್ಲ. ಇದ್ದದ್ದು ತುತ್ತೂರಿಯ ಗಂಟಲು. ಗಿರಾಕಿ ಕೈ ತೊಳೆದು ಗಲ್ಲಾದ ಕಡೆ ಹೊರಟರೆ ಸಾಕು, ಬಡಿಸುತ್ತಿದ್ದ ತುತ್ತೂರಿ ಒಳಗಿನಿಂದಲೇ "ಚೌಕಳಿ ಅಂಗಿ ಎಂಬತ್ತು!", "ಕನ್ನಡಕದ ಅಣ್ಣ ನೂರಾ ಇಪ್ಪತ್ತು!" ಎಂದು ಕೂಗಿಬಿಡುತ್ತಿದ್ದ. ಗಲ್ಲಾದಲ್ಲಿ ಕೂತ ಯಜಮಾನರು ತಲೆಯೆತ್ತದೆ ಕೈ ಚಾಚುತ್ತಿದ್ದರು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು ಅನ್ನಿ. ಆದರೆ ಅದು ಹೆಂಡತಿಯನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಎದುರು ರಸ್ತೆಗೂ ಕೇಳಿಸುವ ಆ ಸ್ವರಕ್ಕೆ ಯಾರೋ ತುತ್ತೂರಿ ಎಂದರು, ಅದೇ ಖಾಯಂ ಆಯಿತು.

ಸುತ್ತ ಬರೀ ಆಫೀಸು, ಅಂಗಡಿ, ಒಂದು ಹೆಣ್ಣುಮಕ್ಕಳ ಶಾಲೆ. ಮಧ್ಯಾಹ್ನವಾದರೆ ಎರಡು ಸಾಲು ಮೇಜಿಗೂ ಜನ ಮುಗಿಬೀಳುತ್ತಿದ್ದರು. ಯಾರು ಊಟಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎನ್ನುವುದು ತುತ್ತೂರಿಗೆ ಬಾಯಿಪಾಠ. ಅಷ್ಟೇ ಆಗಿದ್ದರೆ ಸರಿ, ಅವನಿಗೆ ಯಾಕೆ ಎನ್ನುವುದೂ ಬೇಕು! ಹೀಗೇ ಕೆದಕಿ ಕೆದಕಿ ಒಬ್ಬೊಬ್ಬರ ಹೊಟ್ಟೆಗೂ ಒಂದೊಂದು ಜಾತಕ ಬರೆದಿಟ್ಟುಕೊಂಡಿದ್ದ. ಬಟ್ಟೆ ಅಂಗಡಿಯ ಮ್ಯಾನೇಜರು ದಿನಾ ಪೂರ್ತಿ ಊಟ, ಮೇಲೆ ಕರಿದದ್ದು, ಸಿಹಿ, ಹಣ್ಣಿನ ರಸ, ಒಟ್ಟು ನೂರಾ ಎಂಬತ್ತು. ಅವರು ತಿನ್ನುವುದಕ್ಕೇ ಹುಟ್ಟಿದವರು ಎಂದು ತುತ್ತೂರಿಯ ತೀರ್ಮಾನ. ಶಾಲೆಯ ಹೊಲಿಗೆ ಟೀಚರು ದಿನಾ ಅರ್ಧ ಊಟ, ನಲವತ್ತು. ಅವರದು ಗುಬ್ಬಿ ಹೊಟ್ಟೆ. "ನಮ್ಮ ಟೀಚರಮ್ಮನ್ನ ನೋಡಿ ಕಲಿ," ಎಂದು ಮನೆಯಲ್ಲಿ ಹೆಂಡತಿಯನ್ನು ರೇಗಿಸಿ, ತಟ್ಟೆ ಕುಕ್ಕಿಸಿಕೊಳ್ಳುವುದೂ ಇತ್ತು.

ಹೀಗಿರುವಾಗ ಒಂದು ದಿನ ನೆಗಡಿ ಬಂತು. ನೆಗಡಿ ಹೋಯಿತು, ಹೋಗುವಾಗ ಸ್ವರವನ್ನೂ ಕರೆದುಕೊಂಡು ಹೋಯಿತು. ಬಾಯಿ ತೆರೆದರೆ ಬರೀ ಗಾಳಿ! ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, "ಒಂದು ತಿಂಗಳು ಬಾಯಿ ಮುಚ್ಚಿಕೊಂಡಿರಿ," ಎಂದರು. ಹೆಂಡತಿ ಅವರಿಗೆ ಎರಡೆರಡು ಸಲ ಕೈ ಮುಗಿದಳು.

ಯಜಮಾನರಿಗೆ ಮಾತ್ರ ನಗು ಬರಲಿಲ್ಲ. "ನಿನ್ನ ಕೂಗು ಕೇಳಿ ಅಲ್ವೇನೋ ರಸ್ತೇಲಿ ಹೋಗೋರು ಒಳಗೆ ಬರೋದು? ತಿಂಗಳ ಕೊನೆವರೆಗೆ ನೋಡ್ತೀನಿ. ಆಗ್ಲೂ ಕೂಗೋಕಾಗ್ಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋತೀನಿ. ಬೇಜಾರು ಮಾಡ್ಕೋಬೇಡ," ಎಂದರು. ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುತ್ತಾರೆ? ಆ ವಯಸ್ಸಿನಲ್ಲಿ ಅವನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ತಿಂಗಳು ಮುಗಿಯುವವರೆಗೆ ಮೊತ್ತವನ್ನು ಚೀಟಿಯಲ್ಲಿ ಬರೆದು, ಮಡಿಸಿ, ಗಿರಾಕಿಯ ಕೈಗೆ ಕೊಡುವುದು ಎಂದಾಯಿತು. ಯಜಮಾನರು ಒಂದೊಂದು ಚೀಟಿಯನ್ನೂ ಮಾರುದೂರ ಹಿಡಿದು, ಕಣ್ಣು ಕಿರಿದು ಮಾಡಿ, "ಇದೇನು ಮೂರೋ ಎಂಟೋ? ಇರುವೆ ಹರಿದಾಡಿದ ಹಾಗಿದೆ!" ಎಂದು ಗೊಣಗುತ್ತಿದ್ದರು.

ಮೊದಲ ವಾರವೇ ತುತ್ತೂರಿಯ ಜಾತಕಗಳೆಲ್ಲ ತಲೆಕೆಳಗಾದವು.

ಬಟ್ಟೆ ಅಂಗಡಿಯ ಮ್ಯಾನೇಜರು ಬಂದರು, ಕೂತರು, ಅತ್ತಿತ್ತ ನೋಡಿದರು. ಅರ್ಧ ಊಟ ಎಂದರು. ಮಾರನೆಯ ದಿನವೂ ಅರ್ಧ ಊಟ. ನೂರಾ ಎಂಬತ್ತರ ಸಾಹೇಬರು ನಲವತ್ತಕ್ಕೆ ಇಳಿದು, ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಶಿಳ್ಳೆ ಹಾಕಿಕೊಂಡು ಹೊರಟುಬಿಡುತ್ತಿದ್ದರು!

ಹೊಲಿಗೆ ಟೀಚರಿನ ಸಂಗತಿ ಇನ್ನೂ ಸೋಜಿಗ. ಕೆಲವು ದಿನ ಅವರು ತಮ್ಮ ಅರ್ಧ ಊಟದಲ್ಲೇ ಇದ್ದರು. ಅಕ್ಕಪಕ್ಕದವರ ಕೈಯಲ್ಲಿ ಮಡಿಸಿದ ಚೀಟಿ ಹೋಗುವುದನ್ನು ನೋಡುತ್ತಿದ್ದರು. ಆಮೇಲೊಂದು ದಿನ, ಕಳ್ಳಮಾಲು ಕೇಳುವವರ ಹಾಗೆ ಮೆಲ್ಲಗೆ, "ಇವತ್ತು ಪೂರ್ತಿ ಊಟ ಕೊಡಪ್ಪ," ಎಂದರು. ಎಲ್ಲೋ ಅಪರೂಪಕ್ಕೆ ಹಸಿವಾಗಿರಬೇಕು ಎಂದುಕೊಂಡ. ಮರುದಿನವೂ ಪೂರ್ತಿ. ಅದರ ಮರುದಿನ ಮೇಲೊಂದು ಸಿಹಿ. ತಟ್ಟೆ ತೊಳೆಯಲು ಕೊಟ್ಟರೆ ತೊಳೆಯುವ ಕೆಲಸವೇ ಇಲ್ಲ, ಹಾಗೆ ಬಳಿದು ತಿಂದಿದ್ದರು.

ತುತ್ತೂರಿಯ ತಲೆಯೊಳಗೆ ಹುಳ ಹೊಕ್ಕಿತು. ಸಂಬಳ ಜಾಸ್ತಿಯಾಯಿತೇ? ಹೊಟ್ಟೆಯಲ್ಲಿ ಜಂತು ಗಿಂತು ಆಯಿತೇ? ಅಡುಗೆಯವನ ಕೈಗುಣ ಬದಲಾಯಿತೋ ಎಂದು ತಾನೇ ಒಂದು ತುತ್ತು ತಿಂದು ನೋಡಿದ. ಉಪ್ಪು ಎಂದಿನಂತೆ ಒಂದು ಚಿಟಿಕೆ ಹೆಚ್ಚೇ ಇತ್ತು. ಕೊನೆಗೆ ಸಂಜೆ, ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ, ಅವಳ ಕಿವಿಯ ಹತ್ತಿರ ಪಿಸುಗುಟ್ಟಿ ಎಲ್ಲ ಹೇಳಿದ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಇದಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ? ನೀವು ಕೂಗ್ತಿಲ್ವಲ್ಲ, ಅದಕ್ಕೇ. ಮ್ಯಾನೇಜರಿಗೆ ದೊಡ್ಡ ಮನುಷ್ಯ ಅಂತ ಸಾರಿಸ್ಕೋಬೇಕಿತ್ತು, ತಿಂತಿದ್ರು. ಟೀಚರು ಒಂಟಿ ಹೆಂಗಸು. ಇಷ್ಟು ತಿಂದ್ಲು ಅಂತ ಸ್ಕೂಲಿನವರ ಮುಂದೆ ಡಂಗುರ ಹೊಡೆಸ್ಕೊಂಡು ಯಾರು ತಿಂತಾರೆ? ನಾನಾಗಿದ್ರೆ ನಿಮ್ಮ ಹೋಟೆಲಿನ ದಿಕ್ಕಿಗೆ ತಲೆ ಹಾಕಿ ಮಲಗ್ತಾನೂ ಇರ್ಲಿಲ್ಲ!"

ತುತ್ತೂರಿಗೆ ಸಿಟ್ಟು ಬಂತು. ತನ್ನ ಕೂಗು ಎಂದರೆ ಹೋಟೆಲಿನ ಶೋಭೆ ಎಂದುಕೊಂಡಿದ್ದವನು ಅವನು. ಆದರೆ ಮರುದಿನ ಮಧ್ಯಾಹ್ನ ಟೀಚರು ಉಣ್ಣುವುದನ್ನು ಕಂಬದ ಮರೆಯಿಂದ ನೋಡಿದ. ಅವಸರವಿಲ್ಲದೆ, ಒಂದೊಂದು ತುತ್ತನ್ನೂ ಮಾತಾಡಿಸಿ ಬಾಯಿಗಿಡುವ ಹಾಗೆ ಉಣ್ಣುತ್ತಿದ್ದರು. ಮುಖ ತುಂಬಿಕೊಂಡಂತಿತ್ತು. ಗುಬ್ಬಿ ಹೊಟ್ಟೆಯಂತೆ, ಗುಬ್ಬಿ! ತುತ್ತೂರಿಗೆ ತನ್ನ ಮೇಲೇ ನಾಚಿಕೆಯಾಯಿತು, ಸಿಟ್ಟೆಲ್ಲ ಇಳಿದುಹೋಯಿತು.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕುವುದನ್ನು ಕಂಡು, "ಏ, ಹಾಲು!" ಎಂದುಬಿಟ್ಟ. ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕಿದರು. ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು.

"ಬಂತಲ್ರೀ! ಬದುಕಿಕೊಂಡ್ವಿ!"

"ಬಂತು," ಎಂದ, ಮುಖ ಸಣ್ಣ ಮಾಡಿಕೊಂಡು. "ನಾನು ಕೂಗಿದ್ರೆ ಆಯಮ್ಮ ಮತ್ತೆ ಅರ್ಧ ಊಟಕ್ಕೆ ಬರ್ತಾರೆ ಕಣೇ."

"ಕೂಗದಿದ್ರೆ ನಾವು ಅರ್ಧ ಊಟಕ್ಕೆ ಬರ್ತೀವಿ," ಎಂದಳು ಹೆಂಡತಿ. ಅವಳಿಗೂ ಪಾಪ ಅನ್ನಿಸಿರಲಿಲ್ಲ ಎಂದಲ್ಲ. ಆದರೆ ಬಾಡಿಗೆ ಕಟ್ಟುವವರು ಯಾರು?

ಕೊನೆಯ ದಿನ ಯಜಮಾನರು ಚೀಟಿಯ ಕಟ್ಟನ್ನು ಎತ್ತಿ ಮೇಜಿನೊಳಗೆ ಹಾಕಿದರು. "ಇವತ್ತು ಚೀಟಿ ಗೀಟಿ ಇಲ್ಲ. ಏನಪ್ಪಾ, ಕೂಗ್ತೀಯೋ, ಇಲ್ಲ ಬೇರೆಯವನಿಗೆ ಹೇಳಿ ಕಳಿಸ್ಲೋ?"

ಹೋಟೆಲು ತುಂಬಿತ್ತು, ಒಂದು ಮೇಜಿನಲ್ಲಿ ಶಾಲೆಯವರೂ ಇದ್ದರು. ಟೀಚರಿಗೆ ಇದು ಯಾವುದೂ ಗೊತ್ತಿಲ್ಲ. ಪೂರ್ತಿ ಊಟ ಮಾಡಿ, ಸಿಹಿ ತಿಂದು, ಎಲ್ಲರಿಗಿಂತ ಮೊದಲು ಎದ್ದು, ಚೀಟಿಗೆಂದು ಕೈ ಚಾಚಿದರು. ತುತ್ತೂರಿ ತಲೆಯಾಡಿಸಿದ. ಅವರಿಗೆ ಅರ್ಥವಾಯಿತು. ಮುಖ ಕಳೆಗುಂದಿತು. ಸೆರಗು ಹೊದ್ದು, ಮೇಜುಗಳ ನಡುವೆ ಗಲ್ಲಾದ ಕಡೆ ಹೊರಟರು. ಅವರ ಬೆನ್ನು ಬಾಗಿದ್ದನ್ನು ತುತ್ತೂರಿ ನೋಡಿದ. ಯಜಮಾನರು ಗಲ್ಲಾದಿಂದ ಅವನನ್ನೇ ನೋಡುತ್ತಿದ್ದರು. ತಪ್ಪಿಸಿಕೊಳ್ಳುವ ಹಾಗಿಲ್ಲ. ಉಸಿರೆಳೆದುಕೊಂಡ.

"ಟೀಚರಮ್ಮ ನಲವತ್ತು!"

ಅಬ್ಬಾ, ಏನು ಸ್ವರ! ಲೋಟಗಳು ಝಣ್ ಎಂದವು. ಯಾರೋ ಚಪ್ಪಾಳೆ ತಟ್ಟಿದರು. ಯಜಮಾನರ ಮುಖ ಅರಳಿತು. ಉಳಿದ ಅರವತ್ತನ್ನು ತನ್ನ ಜೇಬಿನಿಂದ ಸಂಜೆ ಹಾಕಿಬಿಡುವುದು ಎಂದು ತುತ್ತೂರಿ ಲೆಕ್ಕ ಹಾಕಿದ್ದ. ಹುಟ್ಟಿದಾಗಿನಿಂದ ಅವನು ತಪ್ಪು ಮೊತ್ತ ಕೂಗಿದ್ದು ಅದೇ ಮೊದಲು.

ಟೀಚರು ನಡುದಾರಿಯಲ್ಲೇ ನಿಂತರು. ನಲವತ್ತು ಕೊಟ್ಟು ಹೋಗಿಬಿಡಬಹುದಿತ್ತು. ತಿರುಗಿ ಅವನನ್ನು ನೋಡಿದರು.

"ನಲವತ್ತಲ್ಲಪ್ಪ. ನೂರು," ಎಂದರು. "ಪೂರ್ತಿ ಊಟ, ಒಂದು ಸಿಹಿ. ನಾನೇ ತಿಂದಿದ್ದು. ದುಡಿದ ದುಡ್ಡು, ಹಸಿದ ಹೊಟ್ಟೆ. ಯಾರಿಗೆ ಏನು ಅನ್ನಿಸುತ್ತೋ ಅನ್ನಿಸ್ಲಿ."

ಶಾಲೆಯವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ತುತ್ತೂರಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಗಲ್ಲಾದವರೆಗೆ ನಡೆದುಹೋದ. ಯಜಮಾನರ ಕಿವಿಯ ಹತ್ತಿರ ಬಗ್ಗಿ, "ನೂರು," ಎಂದ. "ಸ್ವರ ಬಂದಿದೆ ಯಜಮಾನ್ರೇ. ಆದ್ರೆ ಇನ್ಮೇಲೆ ಹೀಗೆ ಬಂದು ಹೇಳ್ತೀನಿ. ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ಯಜಮಾನರು ಕೆಂಡವಾದರು. ಆದರೆ ಅಷ್ಟರಲ್ಲಿ, ಹಿಂದೆಯೇ ಸಾಲಿನಲ್ಲಿದ್ದ ಬಟ್ಟೆ ಅಂಗಡಿಯ ಮ್ಯಾನೇಜರು, ಆ ದಿನವೂ ಅರ್ಧ ಊಟವನ್ನೇ ಮಾಡಿದ್ದವರು, ಗಡಿಬಿಡಿಯಲ್ಲಿ ಬಾಯಿ ಹಾಕಿದರು. "ಅವನು ಹೇಳೋದ್ರಲ್ಲಿ ತಪ್ಪೇನಿದೆ ಯಜಮಾನ್ರೇ? ಮೆಲ್ಲಗೆ ಹೇಳೋದೇ ಮರ್ಯಾದೆ!" ಯಜಮಾನರು ಅವರನ್ನು ನೋಡಿದರು, ಇವನನ್ನು ನೋಡಿದರು, ಟೀಚರು ಮುಂದಿಟ್ಟ ನೂರರ ನೋಟನ್ನು ನೋಡಿದರು. "ಆ ದರಿದ್ರ ಚೀಟಿ ಓದೋದಂತೂ ತಪ್ಪುತ್ತೆ. ಓಡಾಡ್ಕೊಂಡು ಸಾಯಿ. ಕಾಲು ನೋವು ಅಂತ ಮಾತ್ರ ನನ್ನ ಹತ್ರ ಬರ್ಬೇಡ," ಎಂದರು.

ಟೀಚರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ತುತ್ತೂರಿ ಹಿಂದೆಯೇ ಹೋದ. ಇಷ್ಟೆಲ್ಲ ಆದರೂ ಕೇಳದೆ ಇರಲು ಅವನಿಗೆ ಆಗಲಿಲ್ಲ.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಎಷ್ಟು ವರ್ಷದಿಂದ ಹೀಗೆ ಅರೆಹೊಟ್ಟೇಲಿ ಹೋಗ್ತಿದ್ರಿ?"

ಅವರು ಸ್ವಲ್ಪ ಯೋಚಿಸಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

"ನಿನಗಿಂತ ಮುಂಚೆ ಇಲ್ಲಿ ಒಬ್ಬರು ಅಜ್ಜ ಬಡಿಸೋರು. ಅವರಿಗೆ ಸ್ವರಾನೇ ಇರ್ಲಿಲ್ಲ. ಆಗೆಲ್ಲ ಹೊಟ್ಟೆ ತುಂಬಾ ಉಣ್ತಿದ್ದೆ," ಎಂದರು. "ನೀನು ಬಂದ ಮೇಲೆ ಬಿಟ್ಟೆ."

ಅವರು ರಸ್ತೆ ದಾಟುವವರೆಗೂ ತುತ್ತೂರಿ ಬಾಗಿಲಲ್ಲೇ ನಿಂತಿದ್ದ. ಒಳಗೆ ಯಾರೋ ನೀರು ಕೇಳುತ್ತಿದ್ದರು.