ಸರ್ವರನ್ನು ನಂಬಬಹುದೇ?

ಕಮ್ಮರಡಿಯ ಜೇನು ಸಾಕಣೆದಾರರ ಸಂಘದಲ್ಲಿ ನಾನು ಗುಮಾಸ್ತೆಯಾಗಿದ್ದಾಗ ಅಲ್ಲಿನ ಕಂಪ್ಯೂಟರಿನ ಉಸ್ತುವಾರಿಯೂ ನನ್ನದೇ ಆಗಿತ್ತು. ಕೊಪ್ಪದಲ್ಲಿ ಟೈಪಿಂಗ್ ಕಲಿತಿದ್ದೆ ಎಂಬುದೊಂದೇ ಅದಕ್ಕಿದ್ದ ಅರ್ಹತೆ. ಜೇನಿನ ಡಬ್ಬಗಳ ಪಕ್ಕದಲ್ಲೇ ಇದ್ದುದರಿಂದ ಕೀಬೋರ್ಡಿನ ಕೆಲವು ಅಕ್ಷರಗಳು ಒತ್ತಿದರೆ ಮೇಲೇಳಲು ಸ್ವಲ್ಪ ಹೊತ್ತು ಹಿಡಿಯುತ್ತಿದ್ದವು.

ಜೇನು ಕೊಳ್ಳುವ ಅಂಗಡಿಯವರೆಲ್ಲ ನಮಗೆ ಇ-ಮೇಲ್ ಕಳಿಸುತ್ತಿದ್ದರು. ಒಂದು ದಿನ ಅವು ಬರುವುದು ನಿಂತಿತು. ಮೇಲ್ ಸೇವೆ ಕೊಡುವ ಕಂಪನಿಗೆ ಅಧ್ಯಕ್ಷರು ಫೋನ್ ಮಾಡಿದರು. ಹಳೇ ಸಂಪರ್ಕದಲ್ಲಿ ಮೇಲನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು, ಅದನ್ನು ಮುಚ್ಚಿದ್ದೇವೆ, ಇನ್ನು ಮೇಲೆ ಗುಪ್ತಲಿಪಿಯ ಸಂಪರ್ಕವೇ ಆಗಬೇಕು, ಸೆಟ್ಟಿಂಗ್ ಹೇಳುತ್ತೇವೆ, ಹಾಕಿಕೊಳ್ಳಿ ಎಂದು ಕಂಪನಿಯವರು ಹೇಳಿದರು.

ಆದರೆ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಜಗುಲಿಯ ತುದಿಯಲ್ಲಿ ಮಾತ್ರ. ಕಂಪ್ಯೂಟರ್ ಇದ್ದುದು ಒಳಕೋಣೆಯಲ್ಲಿ. ಹಾಗಾಗಿ ಅಧ್ಯಕ್ಷರು ಜಗುಲಿಯಲ್ಲಿ ನಿಂತು, ಕಿವಿಗೆ ಬಿದ್ದದ್ದನ್ನು ಕೂಗುವುದು, ನಾನು ಒಳಗೆ ಒತ್ತುವುದು ಎಂದಾಯಿತು.

"ಬರೋ ಮೇಲಿಗೆ ಪೋರ್ಟು ಒಂಬೈನೂರ ತೊಂಬತ್ಮೂರಂತೆ!"

"ಹಾಕ್ದೆ!"

"ಹೋಗೋದಕ್ಕೆ ನಾನೂರ ಅರವತ್ತೈದು! ಎಸ್ಸೆಸ್ಸೆಲ್ ಅಂತ ಇರ್ತದಂತೆ, ಎರಡಕ್ಕೂ ಅದೇ ಆರಿಸ್ಬೇಕಂತೆ!"

ರಸ್ತೆಯಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಹತ್ತಿರ ಬಂದರು. "ಎಸ್ಸೆಸ್ಸೆಲ್ಸೀಲಿ ನಾನೂರ ಅರವತ್ತೈದಾ? ಅಡ್ಡಿಲ್ಲ ಮಾರಾಯ್ರೆ. ಯಾರ ಮಗ?"

ಅಧ್ಯಕ್ಷರು ಅವರಿಗೆ ಕೈಯಲ್ಲೇ ಸುಮ್ಮನಿರಲು ಹೇಳಿ ಮತ್ತೆ ನನ್ನತ್ತ ಕೂಗಿದರು. "ಪಾಸ್‌ವರ್ಡ್ ಯಾರಿಗೂ ಹೇಳ್ಬಾರ್ದಂತೆ ಮಾರಾಯ್ತಿ! ಹಳೇದು 'ತುಡುವೆಜೇನು' ಅಂತ ಇದ್ಯಲ್ಲ, ಅದೇ ಇರ್ಲಾ?"

ಅದೇ ಇರಲಿ ಎಂದು ನಾನು ಒಳಗಿನಿಂದ ಹೇಳುವ ಮೊದಲೇ ಬಸ್ಸಿಗೆ ಕಾಯುತ್ತಿದ್ದವರು, "ಇರ್ಲಿ, ಒಳ್ಳೇ ಹೆಸ್ರು," ಎಂದರು.

ಎಲ್ಲ ಹಾಕಿದ ಮೇಲೆ ಪರದೆಯ ಮೇಲೊಂದು ಎಚ್ಚರಿಕೆ ಮೂಡಿತು. ಈ ಸರ್ವರಿನ ಪ್ರಮಾಣಪತ್ರ ಸರಿಯಿಲ್ಲ, ಆದರೂ ನೀವು ಇದನ್ನು ನಂಬುತ್ತೀರಾ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ನಾನು ಕನ್ನಡದಲ್ಲಿ ಕೂಗಿದೆ. ಅಧ್ಯಕ್ಷರು ಅದನ್ನು ಫೋನಿಗೆ ದಾಟಿಸುವಷ್ಟರಲ್ಲಿ ಸಿಗ್ನಲ್ ಹೋಯಿತು. ಮತ್ತೆ ಬರಲಿಲ್ಲ.

"ಹೂಂ ಅಂತ ಒತ್ತಿಬಿಡ್ಲಾ?" ಎಂದು ಕೇಳಿದೆ.

"ಬೇಡ. ಸಂಘದ ಪರವಾಗಿ ನಾನೊಬ್ನೇ ನಂಬಕ್ಕೆ ಬರಲ್ಲ. ಕಮಿಟಿ ಕರಿ."

ಮರುದಿನ ಕಮಿಟಿ ಸೇರಿತು. ಕಿಗ್ಗದಿಂದ ಒಬ್ಬರು, ಅಡ್ಡಗದ್ದೆಯಿಂದ ಒಬ್ಬರು, ಕೊಪ್ಪದಿಂದ ಹಳೇ ಅಧ್ಯಕ್ಷರು. ಈ ಹಳೇ ಅಧ್ಯಕ್ಷರು ಬಹಳ ವರ್ಷ ಸಂಘ ನಡೆಸಿ, ಒಂದು ಚುನಾವಣೆಯಲ್ಲಿ ಸೋತು, ಆಮೇಲೆ ಬರೀ ಸದಸ್ಯರಾಗಿ ಗೋಡೆ ಬದಿಯ ಬೆಂಚಿನಲ್ಲಿ ಕೂರುತ್ತಿದ್ದರು. ಸಭೆಯಲ್ಲಿ ಬಾಯಿ ಬಿಡುತ್ತಿದ್ದುದು ಅಪರೂಪ.

"ಈ ಸರ್ವರ್ ಯಾರ ಪೈಕಿ?" ಎಂದು ಕಿಗ್ಗದವರು ಶುರುಮಾಡಿದರು.

ಅದು ದೂರದಲ್ಲೆಲ್ಲೋ ಇರುವ ಒಂದು ಯಂತ್ರ ಎಂದೆ.

"ಯಂತ್ರಾನಾ? ಹಂಗಾದ್ರೆ ನಂಬಬಹುದು. ಮನುಷ್ಯರಾದ್ರೆ ಯೋಚ್ನೆ ಮಾಡ್ಬೇಕಿತ್ತು."

ಅಡ್ಡಗದ್ದೆಯವರು ಒಪ್ಪಲಿಲ್ಲ. "ಪ್ರಮಾಣಪತ್ರದಲ್ಲಿ ಎಂತ ಸರಿಯಿಲ್ಲ ಅಂತ ನೋಡ್ದೆ ನಂಬೋದು ಹೆಂಗೆ? ಓದು ನೋಡನ."

ಓದಿದೆ. ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲ ಎಂದಿತ್ತು.

"ಅಂದ್ರೆ ಅದಿನ್ನೂ ಹುಟ್ಟೇ ಇಲ್ಲ! ಹುಟ್ಟದೆ ಇರೋದನ್ನ ನಂಬಿ ಅಂತಾರಲ್ಲ ಮಾರಾಯ್ರೆ!"

ಆದರೆ ಶುರುವಾಗುವ ದಿನ ನೋಡಿದರೆ ಅದು ಕಳೆದು ತಿಂಗಳ ಮೇಲಾಗಿತ್ತು. ಆಗ ಪರದೆಯ ಮೂಲೆಯ ತಾರೀಕು ನನ್ನ ಕಣ್ಣಿಗೆ ಬಿತ್ತು. ಹಿಂದಿನ ವಾರ ಸಿಡಿಲಿಗೆ ಕರೆಂಟು ಹೋಗಿತ್ತು. ತಾರೀಕು ನೆನಪಿಡುವ ಒಳಗಿನ ಸೆಲ್ ಸತ್ತಿದ್ದರಿಂದ ಕಂಪ್ಯೂಟರ್ ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಕೂತುಬಿಟ್ಟಿತ್ತು. ಅದರ ಲೆಕ್ಕದಲ್ಲಿ ಪ್ರಮಾಣಪತ್ರ ಹುಟ್ಟದಿದ್ದುದು ನಿಜವೇ. ತಾರೀಕು ಸರಿಮಾಡಿದರೆ ಸಾಕು ಎಂದು ನಾನು ಖುಷಿಯಿಂದ ಹೇಳಿದೆ.

ಹಳೇ ಅಧ್ಯಕ್ಷರು ಎದ್ದು ಬಂದು, ಕನ್ನಡಕ ಏರಿಸಿ ತಾರೀಕು ನೋಡಿದರು.

"ಆಗ ನಾನೇ ಅಧ್ಯಕ್ಷ," ಎಂದರು.

ಎಲ್ಲರೂ ಅವರತ್ತ ತಿರುಗಿದರು.

"ಅಲ್ಲ, ಆ ತಾರೀಕಲ್ಲಿ ಇರೋ ಕಂಪ್ಯೂಟರ್ ಮುಟ್ಟಕ್ಕೆ ಈಗಿನೋರ ಅಪ್ಪಣೆ ಹೆಂಗೆ ನಡೀತದೆ ಅಂತ ಕೇಳ್ದೆ ಅಷ್ಟೆ."

ನಗುತ್ತಾರೇನೋ ಎಂದು ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ಗಂಭೀರವಾಗಿ ಯೋಚಿಸುತ್ತಿದ್ದರು. "ಕಾಯ್ದೆ ಪ್ರಕಾರ ಅದೂ ಸರಿಯೇ," ಎಂದು ಅಡ್ಡಗದ್ದೆಯವರು ಗೊಣಗಿದರು. ಅಧ್ಯಕ್ಷರು ಎದ್ದು ಕುರ್ಚಿ ಬಿಟ್ಟುಕೊಟ್ಟು ತಾವೇ ಬೆಂಚಿಗೆ ಹೋಗಿ ಕೂತರು. ಹಳೇ ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಎರಡೂ ಕೈ ಚಾಚಿದರು.

"ತಾರೀಕು ಬದಲಾಯಿಸ್ಲಾ ಸಾರ್?" ಎಂದೆ.

"ಅರ್ಜೆಂಟೆಂತ? ಟೀ ಕುಡಿದು ಹೇಳ್ತೆ."

ಟೀ ಬಂತು. ಅಷ್ಟು ನಿಧಾನವಾಗಿ ಟೀ ಕುಡಿದವರನ್ನು ನಾನು ಕಂಡಿಲ್ಲ. ಲೋಟ ಬರಿದಾದ ಮೇಲೂ ಒಮ್ಮೆ ತುಟಿಗಿಟ್ಟುಕೊಂಡರು. ಆಮೇಲೆ, "ಹಾಕು ಇವತ್ತಿನ ತಾರೀಕು," ಎಂದರು. ಹಾಕಿದೆ. ಎಚ್ಚರಿಕೆ ಮಾಯವಾಯಿತು, ಸಣ್ಣದೊಂದು ಬೀಗದ ಚಿತ್ರ ಬಂತು, ಮೇಲುಗಳು ಒಂದರ ಹಿಂದೊಂದು ಬಿದ್ದವು.

"ಇನ್ನು ಇದನ್ನ ದಾರೀಲಿ ಯಾರೂ ಓದಕ್ಕಾಗಲ್ಲ," ಎಂದು ವಿವರಿಸಿದೆ.

"ಭೇಷ್! ಹಂಗಾದ್ರೆ ಎಲ್ಲಾನೂ ಜೋರಾಗಿ ಓದು," ಎಂದರು ಕಿಗ್ಗದವರು. ಅವರಿಗೆ ಕಿವಿ ಸ್ವಲ್ಪ ಮಂದ. ಜಗುಲಿಯವರೆಗೂ ಕೇಳುವಂತೆ ಓದಿದೆ.

ಹೊಸ ಸೆಲ್ ಕೊಪ್ಪದಿಂದ ಬರುವವರೆಗೆ, ಕರೆಂಟು ಹೋದಾಗಲೆಲ್ಲ ಕಂಪ್ಯೂಟರ್ ಹಳೇ ಕಾಲಕ್ಕೇ ಹೋಗುತ್ತಿತ್ತು. ಹಳೇ ಅಧ್ಯಕ್ಷರು ದಿನವೂ ಬೆಳಗಿನ ಬಸ್ಸಿಗೆ ಇಸ್ತ್ರಿ ಅಂಗಿ ತೊಟ್ಟು ಬರತೊಡಗಿದರು. ಅವರು ಬಂದರೆ ಅಧ್ಯಕ್ಷರು ಯಾರೂ ಹೇಳದೆಯೇ ಎದ್ದು ನಿಲ್ಲುತ್ತಿದ್ದರು. ಸೆಲ್ ಹಾಕಿದ ದಿನ ನಾನೇ ಹಳೇ ಅಧ್ಯಕ್ಷರಿಗೆ ವಿಷಯ ಹೇಳಬೇಕಾಯಿತು.

"ಇನ್ನು ಸಿಡಿಲು ಹೊಡೆದ್ರೂ ಹಿಂದೆ ಹೋಗಲ್ವಾ?"

"ಹೋಗಲ್ಲ ಸಾರ್."

"ಒಳ್ಳೇದಾಯ್ತು ಬಿಡು," ಎಂದರು. ಕುರ್ಚಿಯ ಕೈಗೆ ಅಂಟಿದ್ದ ಜೇನನ್ನು ಬೆರಳಲ್ಲಿ ಒರೆಸಿ ನೆಕ್ಕಿ, ಬಸ್ಸಿಗೆ ಹೊರಟರು.